ಓಡುತ್ತಿರುವ ತೊಟ್ಟಿಗೆ ಸಂಪ್ ಸೇರಿಸಿದ ಒಂದು ಪ್ರಕರಣ

ನಾಲ್ಕು ಅಡಿ ಉದ್ದದ ಗಾಜಿನ ತೊಟ್ಟಿ. ಹೊರ ಅಳತೆ 120 × 45 × 45 ಸೆಂ.ಮೀ., ಗಾಜು 10 ಮಿ.ಮೀ. ದಪ್ಪ. ಒಳಗೆ ಆರು ಗೋಲ್ಡ್‌ಫಿಷ್, ಎಲ್ಲವೂ ಒರಾಂಡ, ರ‍್ಯಾಂಚು ತಳಿಯ ದುಂಡು ಮೈಯವು. ತಳದಲ್ಲಿ ತೆಳುವಾಗಿ ಹಾಸಿದ ಜಲ್ಲಿ. ಕೆಳಗೆ ಮರದ ಸ್ಟ್ಯಾಂಡ್, ಅದರೊಳಗೆ ಒಂದು ಕ್ಯಾನಿಸ್ಟರ್ ಫಿಲ್ಟರ್, ಅಂದರೆ ಮುಚ್ಚಿದ ಡಬ್ಬಿಯೊಳಗೆ ನೀರು ಸೋಸುವಂಥದ್ದು. ತೊಟ್ಟಿ ನನ್ನ ಗೆಳೆಯನದು. ಮೀನು ಮರಿಯಾಗಿದ್ದಾಗ ಇಷ್ಟು ಸಾಕಾಗಿತ್ತು. ಅವು ಬೆಳೆದ ಮೇಲೆ ಸಾಲಲಿಲ್ಲ.

ಗೋಲ್ಡ್‌ಫಿಷ್‌ಗೆ ಜಠರವೇ ಇಲ್ಲ. ತಿಂದದ್ದು ನೇರ ಕರುಳಿಗೆ ಹೋಗುತ್ತದೆ. ಹಾಗಾಗಿ ಅದು ದಿನವಿಡೀ ತಿನ್ನಲು ಹುಡುಕುತ್ತದೆ, ದಿನವಿಡೀ ಕಸ ಮಾಡುತ್ತದೆ. ಆ ಕಸವೆಲ್ಲ ಕ್ಯಾನಿಸ್ಟರ್‌ನೊಳಗೆ ಸೇರಿ, ಎರಡು ವಾರ ಕಳೆಯುವಷ್ಟರಲ್ಲಿ ನೀರಿನ ಹರಿವು ಅರ್ಧಕ್ಕೆ ಇಳಿಯುತ್ತಿತ್ತು. ಕ್ಯಾನಿಸ್ಟರ್ ಬಿಚ್ಚುವುದು ಯಾರಿಗೂ ಇಷ್ಟದ ಕೆಲಸವಲ್ಲ. ಮುಚ್ಚಳ, ರಬ್ಬರ್ ರಿಂಗ್, ಪೈಪು, ನೆಲದ ಮೇಲೆಲ್ಲ ನೀರು. ಹಾಗಾಗಿ ಕೆಲಸ ಮುಂದಕ್ಕೆ ಹೋಗುತ್ತದೆ. ಕಸ ಕಣ್ಣಿಗೆ ಕಾಣದಿದ್ದರೂ ನೀರಿನ ದಾರಿಯಲ್ಲೇ ಕೊಳೆಯುತ್ತಾ ಇರುತ್ತದೆ. ಪ್ರತಿ ವಾರ ಮೂರನೇ ಒಂದು ಭಾಗ ನೀರು ಬದಲಿಸಿದರೂ, ಬದಲಿಸುವ ಹಿಂದಿನ ದಿನ ಕಸ ಕೊಳೆತು ಕೊನೆಗೆ ನೀರಿನಲ್ಲಿ ಉಳಿಯುವ ನೈಟ್ರೇಟ್ 80 ಪಿಪಿಎಂ ಹತ್ತಿರ ಇರುತ್ತಿತ್ತು.

ಇನ್ನೊಂದು ಕ್ಯಾನಿಸ್ಟರ್ ಹಾಕಬಹುದಿತ್ತು. ಆದರೆ ಬಿಚ್ಚುವ ಕೆಲಸ ಎರಡಾಗುತ್ತಿತ್ತು, ಅಷ್ಟೇ. ಗೆಳೆಯನಿಗೆ ಬೇಕಾಗಿದ್ದದ್ದು ಬೇರೆ. ಕಸ ಒಂದು ಜಾಗದಲ್ಲಿ ಸೇರಬೇಕು, ಅದನ್ನು ಎರಡು ನಿಮಿಷದಲ್ಲಿ ಎತ್ತಿ ಆಚೆ ಹಾಕುವಂತಿರಬೇಕು. ಅದಕ್ಕೆ ಸಂಪ್, ಅಂದರೆ ತೊಟ್ಟಿಯ ಕೆಳಗೆ ಇಡುವ ಇನ್ನೊಂದು ಸೋಸುವ ತೊಟ್ಟಿ, ಸರಿಯಾದ ದಾರಿ. ಮನೆಯವರ ಷರತ್ತು ಎರಡೇ: ಹಾಲ್‌ನಲ್ಲಿ ಜುಳುಜುಳು ಸದ್ದು ಇರಬಾರದು, ನೆಲ ಒದ್ದೆಯಾಗಬಾರದು.

ಎರಡನೇ ಷರತ್ತೇ ಇಡೀ ವಿನ್ಯಾಸವನ್ನು ನಿರ್ಧರಿಸಿತು. ಸಂಪ್ ಕೆಲಸ ಮಾಡುವ ರೀತಿ ಸುಲಭ. ತೊಟ್ಟಿಯ ಮೇಲಂಚಿನಿಂದ ನೀರು ತಾನಾಗಿ ಕೆಳಗಿನ ತೊಟ್ಟಿಗೆ ಇಳಿಯುತ್ತದೆ, ಅಲ್ಲಿ ಸೋಸಿಕೊಳ್ಳುತ್ತದೆ, ಪಂಪ್ ಅದನ್ನು ಮತ್ತೆ ಮೇಲೆ ಎತ್ತುತ್ತದೆ. ಎಲ್ಲ ಓಡುತ್ತಿರುವಾಗ ಯಾವ ಸಂಪ್ ಆದರೂ ಚೆನ್ನಾಗಿಯೇ ಓಡುತ್ತದೆ. ನಿಂತಾಗ ಏನಾಗುತ್ತದೆ ಅನ್ನುವುದೇ ಪ್ರಶ್ನೆ. ನಿಲ್ಲುವುದರಲ್ಲೂ ಎರಡು ಬಗೆ. ಕರೆಂಟ್ ಹೋಗಿ ಪಂಪ್ ನಿಲ್ಲಬಹುದು. ಆಗ ಮೇಲಿನ ನೀರು ಕೆಳಗೆ ಬರುತ್ತದೆ. ಇಳಿಯುವ ಪೈಪ್ ಕಟ್ಟಿಕೊಳ್ಳಬಹುದು. ಆಗ ಪಂಪ್ ಕೆಳಗಿನ ನೀರನ್ನು ಮೇಲೆ ತುಂಬುತ್ತಲೇ ಇರುತ್ತದೆ. ಫಿಲ್ಟರ್ ಮಾಧ್ಯಮ (ಸೋಸಲು ತುಂಬುವ ವಸ್ತು) ಯಾವುದು, ಬ್ರ್ಯಾಂಡ್ ಯಾವುದು ಅಂತ ತಲೆ ಕೆಡಿಸಿಕೊಳ್ಳುವವರು ಬಹಳ. ನನ್ನ ಪ್ರಕಾರ ಈ ಎರಡು ಲೆಕ್ಕ ಮುಗಿಯುವ ತನಕ ಗರಗಸ, ಡ್ರಿಲ್ ಮುಟ್ಟಲೇಬಾರದು.

ಲೆಕ್ಕ

ತೊಟ್ಟಿಯ ಒಳ ಅಳತೆ 118 × 43 ಸೆಂ.ಮೀ. ಅಂದರೆ ಮಟ್ಟ ಒಂದು ಸೆಂ.ಮೀ. ಇಳಿದರೆ ಸುಮಾರು 5 ಲೀಟರ್ ನೀರು ಇಳಿದಂತೆ. ಈ ಒಂದು ಅಂಕಿ ನೆನಪಿದ್ದರೆ ಉಳಿದದ್ದು ಬಾಯಿಲೆಕ್ಕ. ಜಲ್ಲಿ ಕಳೆದು ತೊಟ್ಟಿಯಲ್ಲಿದ್ದ ನೀರು ಸುಮಾರು 190 ಲೀಟರ್.

ಸಂಪ್‌ನ ಗಾತ್ರವನ್ನು ನಿರ್ಧರಿಸಿದ್ದು ಸ್ಟ್ಯಾಂಡ್‌ನ ಬಾಗಿಲು. ಒಳಗೆ ಒಂದು ಮೀಟರ್ ಜಾಗ ಇದ್ದರೂ ನಡುವಿನ ಕಂಬದಿಂದಾಗಿ ಬಾಗಿಲಿನ ಕಿಂಡಿ ಚಿಕ್ಕದು. ಓರೆ ಮಾಡಿ ಒಳಗೆ ತೂರಿಸಬಹುದಾದ ದೊಡ್ಡ ಅಳತೆ, ಒಳಮೈಯಲ್ಲಿ 75 × 30 × 38 ಸೆಂ.ಮೀ. ಮೊದಲು ರಟ್ಟಿನ ಪೆಟ್ಟಿಗೆಯೊಂದನ್ನು ಅದೇ ಅಳತೆಗೆ ಕತ್ತರಿಸಿ, ಒಳಗೆ ಹೋಗುತ್ತದೆಯೇ ಅಂತ ನೋಡಿದೆವು. ಸಂಪ್‌ನ ಮೇಲೆ 20 ಸೆಂ.ಮೀ. ಖಾಲಿ ಇರಬೇಕು ಅನ್ನುವುದನ್ನೂ ಗಮನಿಸಿದೆವು. ಇಲ್ಲದಿದ್ದರೆ ಇಳಿದ ನೀರಿನ ಕಸ ಹಿಡಿಯುವ ಚೀಲವನ್ನು ಎತ್ತಿ ಹೊರಗೆ ತೆಗೆಯಲು ಆಗುವುದಿಲ್ಲ. ಆಗ ಮತ್ತೆ ಕ್ಯಾನಿಸ್ಟರ್‌ನ ಕಥೆಯೇ, ಅಲ್ವಾ?

ಈಗ ಕರೆಂಟ್ ಹೋದಾಗಿನ ಲೆಕ್ಕ. ತೊಟ್ಟಿಯ ನೀರು ಹಲ್ಲುಹಲ್ಲಾದ ಪಟ್ಟಿಯ ಮೇಲಿಂದ, ಇಳಿಯುವ ಪೈಪುಗಳು ಶುರುವಾಗುವ ಓವರ್‌ಫ್ಲೋ ಪೆಟ್ಟಿಗೆಗೆ ಬೀಳುತ್ತದೆ. ಓಡುವಾಗ ನೀರು ಹಲ್ಲಿನ ಬುಡಕ್ಕಿಂತ ಒಂದೂವರೆ ಸೆಂ.ಮೀ. ಮೇಲಿರುತ್ತದೆ. ಪಂಪ್ ನಿಂತರೆ ಅಷ್ಟು ನೀರು, ಅಂದರೆ ಏಳೂವರೆ ಲೀಟರ್, ಕೆಳಗೆ ಬರುತ್ತದೆ. ಪೆಟ್ಟಿಗೆ ಮತ್ತು ಪೈಪುಗಳೊಳಗಿನ ನೀರು ಇನ್ನೊಂದು 4 ಲೀಟರ್. ಇದರ ಜೊತೆಗೆ ಬಹಳ ಜನ ಮರೆಯುವ ಒಂದು ವಿಷಯ ಇದೆ. ಪಂಪ್‌ನಿಂದ ಮೇಲೆ ಹೋಗುವ ಪೈಪಿನ ಬಾಯಿ ನೀರಿನಲ್ಲಿ ಮುಳುಗಿರುತ್ತದೆ. ಪಂಪ್ ನಿಂತ ಕೂಡಲೇ ಅದೇ ಪೈಪ್ ಸೈಫನ್ ಆಗಿ ನೀರನ್ನು ಹಿಂದಕ್ಕೆ ಎಳೆಯುತ್ತದೆ, ಬಾಯಿಗೆ ಗಾಳಿ ಸಿಗುವ ತನಕ. ಅದಕ್ಕೇ ನೀರಿನ ಮಟ್ಟದಿಂದ ಒಂದು ಸೆಂ.ಮೀ. ಕೆಳಗೆ ಪೈಪಿಗೆ ಸಣ್ಣ ತೂತು ಹಾಕುತ್ತಾರೆ. ಮಟ್ಟ ಅಲ್ಲಿಗೆ ಇಳಿದರೆ ಗಾಳಿ ಒಳಗೆ ಹೋಗಿ ಸೈಫನ್ ಮುರಿಯುತ್ತದೆ. ತೂತು ಪಾಚಿಯಿಂದ ಮುಚ್ಚಿಹೋದರೆ? ಲೆಕ್ಕ ಹಾಕಬೇಕಾದದ್ದು ಹಾಗೆಯೇ. ಪೈಪಿನ ಬಾಯಿ 3 ಸೆಂ.ಮೀ. ಕೆಳಗಿದ್ದರೆ 15 ಲೀಟರ್, ಮೇಲಿನ 4 ಸೇರಿ 19.

ಸಂಪ್‌ನಲ್ಲಿ ಒಂದು ಸೆಂ.ಮೀ. ಅಂದರೆ ಎರಡೂಕಾಲು ಲೀಟರ್. 19 ಲೀಟರ್ ಬಂದರೆ ಮಟ್ಟ ಎಂಟೂವರೆ ಸೆಂ.ಮೀ. ಏರುತ್ತದೆ. ಓಡುವಾಗಿನ ಮಟ್ಟವನ್ನು 23 ಸೆಂ.ಮೀ.ಗೆ ಇಟ್ಟರೆ, ಏರಿದ ಮೇಲೆ 32ರ ಒಳಗೇ ನಿಲ್ಲುತ್ತದೆ. ಅಂಚು 38ರಲ್ಲಿದೆ. ಸಾಕು.

ನೀರನ್ನು ಒಂದೇ ದಿಕ್ಕಿಗೆ ಬಿಡುವ ಚೆಕ್ ವಾಲ್ವ್ ಹಾಕಿದರೆ ಈ ತಲೆನೋವೇ ಇಲ್ಲ ಅನ್ನುವವರಿದ್ದಾರೆ. ಹಾಕಲಿ, ತಪ್ಪಿಲ್ಲ. ಆದರೆ ಅದರ ಮುಚ್ಚಳದ ಅಂಚಿಗೆ ಒಂದು ಜಲ್ಲಿ ಕಣ ಅಥವಾ ಲೋಳೆ ಸಿಕ್ಕಿಕೊಂಡರೆ ಅದು ಪೂರ್ತಿ ಮುಚ್ಚುವುದಿಲ್ಲ. ಸುಮ್ನೆ ಅದನ್ನು ನಂಬಿ ಸಂಪ್‌ನಲ್ಲಿ ನೀರು ಜಾಸ್ತಿ ತುಂಬುವುದು ಬೇಡ. ಇಲ್ಲಿ ಚೆಕ್ ವಾಲ್ವ್ ಹಾಕಲೇ ಇಲ್ಲ.

ಎರಡನೇ ಲೆಕ್ಕ ಇಳಿಯುವ ಪೈಪ್ ಕಟ್ಟಿಕೊಂಡಾಗಿನದು. ಸಂಪ್ ಒಳಗೆ ಅಡ್ಡಗಾಜುಗಳನ್ನು ನಿಲ್ಲಿಸಿ ಕೋಣೆಗಳನ್ನು ಮಾಡಿರುತ್ತದೆ, ಕೊನೆಯದರಲ್ಲಿ ಪಂಪ್. ಪೈಪ್ ಕಟ್ಟಿದಾಗ ಪಂಪ್ ಎಷ್ಟು ನೀರು ಮೇಲೆತ್ತಬಲ್ಲದು? ಸಂಪ್‌ನಲ್ಲಿರುವ ಎಲ್ಲ ನೀರನ್ನಲ್ಲ, ಪಂಪ್ ಇರುವ ಕೋಣೆಯ ನೀರನ್ನು ಮಾತ್ರ. ಏಕೆಂದರೆ ಹಿಂದಿನ ಕೋಣೆಯಿಂದ ನೀರು ಬರುವುದು ಅಡ್ಡಗಾಜಿನ ಮೇಲಿಂದ. ಆ ಗಾಜಿನ ಎತ್ತರಕ್ಕಿಂತ ಕೆಳಗಿರುವ ನೀರು ಅಲ್ಲೇ ಉಳಿಯುತ್ತದೆ. ಹಾಗಾಗಿ ಕೊನೆಯ ಅಡ್ಡಗಾಜಿನಲ್ಲಿ ನೀರು ಮೇಲಿಂದಲೇ ದಾಟಬೇಕು, ಕೆಳಗಿಂದ ನುಸುಳಬಾರದು. ಪಂಪ್ ಕೋಣೆ 20 × 30 ಸೆಂ.ಮೀ., ಇಲ್ಲಿ ನೀರು ಅಡ್ಡಗಾಜಿಗಿಂತ ತಗ್ಗಿ 20 ಸೆಂ.ಮೀ.: ಒಟ್ಟು 12 ಲೀಟರ್. ತಳದ 5 ಸೆಂ.ಮೀ. ನೀರನ್ನು ಪಂಪ್ ಎಳೆಯಲಾರದು. ಉಳಿದದ್ದು 9 ಲೀಟರ್. ಮೇಲಿನ ತೊಟ್ಟಿಯಲ್ಲಿ ನೀರಿಗೂ ಅಂಚಿಗೂ ನಡುವೆ 3 ಸೆಂ.ಮೀ. ಬಿಟ್ಟಿದ್ದೆವು, ಅಲ್ಲಿ 15 ಲೀಟರ್ ಹಿಡಿಯುತ್ತದೆ. 9 ಲೀಟರ್ ಬಂದರೆ ಎರಡು ಸೆಂ.ಮೀ. ಕೂಡ ಏರುವುದಿಲ್ಲ. ಪಂಪ್ ಒಣಗಿ ಓಡಿ ಹಾಳಾಗಬಹುದು, ಆದರೆ ನೆಲ ಒಣಗಿಯೇ ಇರುತ್ತದೆ.

ಪಂಪ್ ಕೋಣೆ ದೊಡ್ಡದಿದ್ದರೆ ನೀರು ಆವಿಯಾದದ್ದು ತಡವಾಗಿ ತಿಳಿಯುತ್ತದೆ, ಅನುಕೂಲ ಅಂತ ಗೆಳೆಯನ ವಾದ. ನಿಜವೇ. ಸಂಪ್‌ನಲ್ಲಿ ಆವಿಯಾದ ನೀರಿನ ಇಳಿತ ಕಾಣುವುದು ಆ ಒಂದು ಕೋಣೆಯಲ್ಲಿ ಮಾತ್ರ. ಆದರೆ ಕೋಣೆ ದೊಡ್ಡದಾದಷ್ಟೂ ಮೇಲೆ ಉಕ್ಕುವ ನೀರೂ ಜಾಸ್ತಿ. ನಾನು ಚಿಕ್ಕ ಕೋಣೆಯ ಪರ ನಿಂತೆ.

ತೂತು ಕೊರೆಯಬೇಕೇ ಬೇಡವೇ

ಕೊರೆಯದೆ ಮಾಡುವ ದಾರಿಯೂ ಇದೆ. ತೊಟ್ಟಿಯ ಅಂಚಿಗೆ ನೇತುಹಾಕುವ ಓವರ್‌ಫ್ಲೋ ಪೆಟ್ಟಿಗೆ ಸಿಗುತ್ತದೆ. ಯು ಆಕಾರದ ಕೊಳವೆಯೊಂದು ಸೈಫನ್ ಮೂಲಕ ನೀರನ್ನು ಗಾಜಿನ ಆಚೆಗೆ ದಾಟಿಸುತ್ತದೆ. ಕರೆಂಟ್ ಹೋಗಿ ಬಂದರೂ ಎರಡೂ ಬದಿ ನೀರು ನಿಂತಿದ್ದರೆ ಅದು ತಾನಾಗಿ ಶುರುವಾಗುತ್ತದೆ. ಅದರ ತೊಂದರೆ ಬೇರೆ ಕಡೆ ಇದೆ. ಹರಿವು ನಿಧಾನವಾದರೆ ಸಣ್ಣ ಗುಳ್ಳೆಗಳು ಕೊಳವೆಯ ನೆತ್ತಿಯಲ್ಲಿ ಸೇರುತ್ತಾ ಹೋಗುತ್ತವೆ. ಸಾಕಷ್ಟು ಗಾಳಿ ಸೇರಿದ ದಿನ ಸೈಫನ್ ಮುರಿಯುತ್ತದೆ. ನಮ್ಮ ಎರಡನೇ ಲೆಕ್ಕ ನೆಲವನ್ನೇನೋ ಉಳಿಸುತ್ತದೆ. ಆದರೆ ಮನೆಯಲ್ಲಿ ಯಾರೂ ಇಲ್ಲದ ದಿನ ಪಂಪ್ ಸುಟ್ಟು, ಮೀನಿಗೆ ಗಾಳಿಯಾಡದ ನೀರು ಉಳಿಯುತ್ತದೆ. ಬಾಡಿಗೆಗೆ ತಂದ ತೊಟ್ಟಿಯಲ್ಲ, ಸ್ವಂತದ್ದು. ಕೊರೆಯುವುದೇ ಸರಿ ಅಂತ ತೀರ್ಮಾನವಾಯಿತು.

ಮೊದಲು ಗಾಜು ಟೆಂಪರ್ಡ್ (ಕಾಯಿಸಿ ಗಟ್ಟಿ ಮಾಡಿದ್ದು) ಹೌದೋ ಅಲ್ಲವೋ ತಿಳಿಯಬೇಕು. ಟೆಂಪರ್ಡ್ ಗಾಜಿಗೆ ಡ್ರಿಲ್ ತಾಗಿಸಿದರೆ ಇಡೀ ಹಲಗೆ ಪುಡಿಪುಡಿಯಾಗುತ್ತದೆ. ಪರೀಕ್ಷೆ ಸುಲಭ. ಗಾಜಿನ ಒಂದು ಬದಿಗೆ ಲ್ಯಾಪ್‌ಟಾಪಿನ ಬಿಳಿ ಪರದೆ, ಇನ್ನೊಂದು ಬದಿಯಲ್ಲಿ ಪೋಲರೈಸ್ಡ್ ಕಪ್ಪು ಕನ್ನಡಕ. ಪರದೆ ಕಪ್ಪಾಗಿ ಕಾಣುವ ತನಕ ಕನ್ನಡಕವನ್ನು ತಿರುಗಿಸಬೇಕು. ಸಾದಾ ಗಾಜಿನ ಮೂಲಕವೂ ಅದು ಕಪ್ಪಾಗಿಯೇ ಕಾಣುತ್ತದೆ. ಟೆಂಪರ್ಡ್ ಆಗಿದ್ದರೆ ಬೆಳಕಿನ ಪಟ್ಟೆ, ಕಲೆಗಳು ಮೂಡುತ್ತವೆ. ಈ ತೊಟ್ಟಿಯ ಹಿಂಭಾಗದ ಗಾಜು ಸಾದಾ.

ಮೀನುಗಳನ್ನು ಒಂದು ದೊಡ್ಡ ಪ್ಲಾಸ್ಟಿಕ್ ಟಬ್‌ಗೆ ಸಾಗಿಸಿ, ತೊಟ್ಟಿಯದೇ ನೀರು ತುಂಬಿ, ಕ್ಯಾನಿಸ್ಟರನ್ನು ಅಲ್ಲಿಗೇ ಜೋಡಿಸಿದೆವು. ಹಿಂದಿನ ದಿನವೇ ಆಹಾರ ನಿಲ್ಲಿಸಲಾಗಿತ್ತು. ಖಾಲಿ ತೊಟ್ಟಿಯೇ ಸುಮಾರು 50 ಕೆ.ಜಿ. ತೂಗುತ್ತದೆ. ಅದನ್ನು ದಪ್ಪ ಫೋಮ್ ಮೇಲೆ ಮುಖ ಕೆಳಗಾಗಿ ಮಲಗಿಸಿದೆವು. ಹೀಗೆ ಮಾಡಿದರೆ ಹಿಂಭಾಗದ ಗಾಜು ಮೇಜಿನಂತೆ ಮಟ್ಟಸವಾಗುತ್ತದೆ. ತೂತಿನ ಸುತ್ತ ಅಂಟುಜೇಡಿಯಿಂದ ಒಡ್ಡು ಕಟ್ಟಿ ನೀರು ನಿಲ್ಲಿಸಬಹುದು.

ಗಾಜಿನ ತೂತಿನಲ್ಲಿ ಪೈಪನ್ನು ಸೋರದಂತೆ ಕೂರಿಸುವ ಜೋಡಣೆಗೆ ಬಲ್ಕ್‌ಹೆಡ್ ಅನ್ನುತ್ತಾರೆ. ಒಂದು ಇಂಚಿನ ಬಲ್ಕ್‌ಹೆಡ್‌ಗೆ 45 ಮಿ.ಮೀ. ತೂತು. ಬಲ್ಕ್‌ಹೆಡ್ ತಯಾರಕರ ಪ್ರಕಾರ ಈ ಅಳತೆ ಬದಲಾಗುತ್ತದೆ. ವಸ್ತು ಕೈಯಲ್ಲಿ ಹಿಡಿದು ಅಳೆದ ಮೇಲೆಯೇ ಹೋಲ್ ಸಾ (ದುಂಡಗೆ ತೂತು ಕೊರೆಯುವ ಗರಗಸ) ಕೊಳ್ಳಬೇಕು. ತೂತಿನ ಅಂಚಿಗೂ ಗಾಜಿನ ಅಂಚಿಗೂ ನಡುವೆ ಕನಿಷ್ಠ ಒಂದು ತೂತಿನಷ್ಟು ಅಗಲ ಬಿಡುವುದು ರೂಢಿ. ಎರಡು ತೂತುಗಳ ನಡುವೆಯೂ ಅಷ್ಟೇ. ಡೈಮಂಡ್ ಹೋಲ್ ಸಾ, ನಿಧಾನ ವೇಗ, ಡ್ರಿಲ್‌ನ ತೂಕಕ್ಕಿಂತ ಜಾಸ್ತಿ ಒತ್ತಡವಿಲ್ಲ, ನೀರು ಬತ್ತಬಾರದು. ತುದಿ ಮುಟ್ಟುವ ಹೊತ್ತಿಗೆ ಇನ್ನೂ ಹಗುರ. ಒಂದೊಂದು ತೂತಿಗೆ ಹತ್ತು ಹದಿನೈದು ನಿಮಿಷ ಹಿಡಿಯುತ್ತದೆ. ಅವಸರ ಮಾಡಿದವರ ಗಾಜು ಒಳಬದಿಯಲ್ಲಿ ಚಕ್ಕೆ ಏಳುತ್ತದೆ. ಬಲ್ಕ್‌ಹೆಡ್‌ನ ರಬ್ಬರ್ ವಾಷರ್ ಅಗಲ ತಲೆಯ ಬದಿಗೆ ಬರಬೇಕು, ನಟ್ ಬದಿಗಲ್ಲ. ಕೈಯಿಂದ ಬಿಗಿ ಮಾಡಿ ಇನ್ನೊಂದು ಕಾಲು ಸುತ್ತು, ಸಾಕು.

ಸದ್ದಿನ ವಿಷಯ

ಮನೆಯವರ ಮೊದಲ ಷರತ್ತಿಗೆ ಇಲ್ಲಿಯೇ ಉತ್ತರ. ಪೈಪಿನಲ್ಲಿ ಗಾಳಿ ಮತ್ತು ನೀರು ಒಟ್ಟಿಗೆ ಇಳಿದರೆ ಗೊಳಗೊಳ ಸದ್ದು ಖಂಡಿತ. ಒಂದೇ ಪೈಪಿನ ಡರ್ಸೋ ವಿಧಾನದಲ್ಲಿ ಇದನ್ನು ಕಡಿಮೆ ಮಾಡಬಹುದು, ಇಲ್ಲವಾಗಿಸಲು ಕಷ್ಟ. ಹವ್ಯಾಸಿಗಳು ಹರ್ಬಿ ಅಂತ ಕರೆಯುವ ಎರಡು ಪೈಪಿನ ವಿಧಾನವನ್ನು ಆರಿಸಿದೆವು. ಮೊದಲ ಪೈಪಿನಲ್ಲಿ ಬರೀ ನೀರು, ಪೂರ್ತಿ ಸೈಫನ್. ಅದಕ್ಕೆ ಕೆಳಗೆ ಒಂದು ಗೇಟ್ ವಾಲ್ವ್. ಪಂಪ್ ಎಷ್ಟು ಮೇಲೆತ್ತುತ್ತದೋ ಅಷ್ಟೇ ಇಳಿಯುವಂತೆ ವಾಲ್ವ್ ತಿರುಗಿಸಿದರೆ ಪೈಪ್ ಸದಾ ತುಂಬಿರುತ್ತದೆ, ಸದ್ದಿಲ್ಲ. ಬಾಲ್ ವಾಲ್ವ್‌ನಿಂದ ಇಷ್ಟು ನಯವಾದ ಹೊಂದಾಣಿಕೆ ಸಾಧ್ಯವಿಲ್ಲ. ಕೂದಲೆಳೆ ತಿರುಗಿಸಿದರೂ ಹರಿವು ಜಿಗಿಯುತ್ತದೆ. ಎರಡನೇ ಪೈಪ್ ತುರ್ತಿಗೆ. ಅದರ ಬಾಯಿ ಪೆಟ್ಟಿಗೆಯೊಳಗೆ ಸ್ವಲ್ಪ ಎತ್ತರದಲ್ಲಿರುತ್ತದೆ, ಸಾಮಾನ್ಯವಾಗಿ ಒಣಗಿರುತ್ತದೆ. ಅದಕ್ಕೆ ವಾಲ್ವ್ ಹಾಕುವಂತಿಲ್ಲ. ಮೊದಲನೆಯದು ಪೂರ್ತಿ ಕಟ್ಟಿದರೂ ಇಡೀ ಹರಿವನ್ನು ಅದೊಂದೇ ಹೊರಬೇಕು.

ಸೈಫನ್ ಪೈಪಿನ ಕೆಳತುದಿ ಸಂಪ್‌ನ ನೀರಿನಲ್ಲಿ ಎರಡು ಮೂರು ಸೆಂ.ಮೀ. ಮಾತ್ರ ಮುಳುಗಿರಲಿ. ಆಳಕ್ಕೆ ಹೋದರೆ ಶುರುವಿನಲ್ಲಿ ಒಳಗಿನ ಗಾಳಿ ಹೊರಗೆ ತಳ್ಳಿಕೊಂಡು ಹೋಗಲು ಕಷ್ಟ. ತುರ್ತು ಪೈಪಿನ ತುದಿಯನ್ನು ಬೇಕೆಂದೇ ನೀರಿಗಿಂತ ಮೇಲೆ ಬಿಟ್ಟೆವು. ಅದರಲ್ಲಿ ನೀರು ಬಿದ್ದರೆ ಸದ್ದಾಗಲಿ ಅಂತ. ಹಾಲ್‌ನಲ್ಲಿ ಜುಳುಜುಳು ಕೇಳಿತು ಅಂದರೆ ಮೊದಲ ಪೈಪ್ ಕಟ್ಟುತ್ತಿದೆ ಅಂತ ಅರ್ಥ.

ಪಂಪ್‌ನ ಡಬ್ಬಿಯ ಮೇಲೆ ಗಂಟೆಗೆ 2500 ಲೀಟರ್, ಗರಿಷ್ಠ ಎತ್ತರ ಎರಡೂವರೆ ಮೀಟರ್ ಅಂತ ಬರೆದಿತ್ತು. ಆ 2500 ಅನ್ನುವುದು ಎತ್ತರವೇ ಇಲ್ಲದಿದ್ದಾಗಿನ ಅಂಕಿ. ಇಲ್ಲಿ ನೀರು ಏರಬೇಕಾದ ಎತ್ತರ 1.25 ಮೀಟರ್, ಜೊತೆಗೆ ಎಲ್ಬೋಗಳ ತಡೆ. ಜೋಡಿಸಿದ ಮೇಲೆ 10 ಲೀಟರ್ ಬಕೆಟ್ ಹಿಡಿದು ನೋಡಿದರೆ 33 ಸೆಕೆಂಡಿನಲ್ಲಿ ತುಂಬಿತು. ಗಂಟೆಗೆ ಸುಮಾರು 1100 ಲೀಟರ್. ತೊಟ್ಟಿಯ ನೀರು ಗಂಟೆಗೆ ಐದಾರು ಸಲ ಸುತ್ತಿದಂತೆ. ದುಂಡು ಮೈಯ ಗೋಲ್ಡ್‌ಫಿಷ್‌ಗೆ ಜೋರು ಹರಿವಿನಲ್ಲಿ ಈಜುವುದು ಕಷ್ಟ. ಹಾಗಾಗಿ ಮರಳುವ ನೀರನ್ನು ಎರಡು ಬಾಯಿಗೆ ಹಂಚಿ, ಎರಡನ್ನೂ ಗಾಜಿನ ಕಡೆ ತಿರುಗಿಸಿದೆವು.

ಪರೀಕ್ಷೆ

ಮೀನು ಟಬ್‌ನಲ್ಲಿರುವಾಗಲೇ ಬರೀ ನೀರು ತುಂಬಿ ಒಂದು ಇಡೀ ದಿನ ಓಡಿಸಿದೆವು. ಸಂಪ್‌ಗೆ ಅಂಟಿಸಿದ್ದ ಸಿಲಿಕೋನ್ ಅಷ್ಟು ಹೊತ್ತಿಗೆ ವಾರಕ್ಕೂ ಹೆಚ್ಚು ಒಣಗಿತ್ತು, ವಿನೆಗರ್ ವಾಸನೆ ಹೋಗಿತ್ತು. ಆಮೇಲೆ ಬೇಕೆಂದೇ ಎರಡು ಅಪಘಾತ ಮಾಡಿಸಿದೆವು.

ಪಂಪ್‌ನ ಪ್ಲಗ್ ಕಿತ್ತಾಗ ಸಂಪ್‌ನ ಮಟ್ಟ ಐದು ಸೆಂ.ಮೀ. ಏರಬಹುದು ಅಂದುಕೊಂಡಿದ್ದೆವು, ಏರಿದ್ದು ಸುಮಾರು ಎಂಟು. ಕಾರಣ ಹುಡುಕಿದರೆ ಗಾಳಿಯ ತೂತು. 3 ಮಿ.ಮೀ. ತೂತಿನಿಂದ ಒಳಗೆ ಹೋಗುವ ಗಾಳಿ ಆ ಪೈಪಿನ ಸೈಫನ್ ಕೂಡಲೇ ಮುರಿಯಲು ಸಾಲದು. ನೀರು ಎಳೆಯುತ್ತಲೇ ಇತ್ತು, ಪೈಪಿನ ಬಾಯಿ ಹತ್ತಿರ ಬಂದಾಗಷ್ಟೇ ನಿಂತಿತು. ತೂತು ಮುಚ್ಚಿದೆ ಅಂತಲೇ ಲೆಕ್ಕ ಹಾಕಿದ್ದರಿಂದ ಸಂಪ್ ಉಕ್ಕಲಿಲ್ಲ. ಅದೇ ಎತ್ತರದಲ್ಲಿ ಇನ್ನೊಂದು, ದೊಡ್ಡ ತೂತು ಹಾಕಿದ ಮೇಲೆ ಏರಿಕೆ ಐದಕ್ಕೆ ಇಳಿಯಿತು.

ಎರಡನೆಯದಕ್ಕೆ ಎರಡೂ ಪೈಪಿನ ಬಾಯಿಗೆ ಬಟ್ಟೆ ತುರುಕಿದೆವು. ಮಟ್ಟ ಏರುತ್ತಾ ಹೋಯಿತು. ಗೆಳೆಯ ಟವೆಲ್ ಹಿಡಿದು ನಿಂತೇ ಇದ್ದ. ಅಂಚಿಗಿಂತ ಸ್ವಲ್ಪ ಕೆಳಗೆ ಮಟ್ಟ ನಿಂತಿತು, ಪಂಪ್ ಗಾಳಿ ಎಳೆಯತೊಡಗಿತು. ಟವೆಲ್ ಬೇಕಾಗಲಿಲ್ಲ.

ಕರೆಂಟಿನ ಭಾಗವನ್ನು ಬೇಗ ಹೇಳಿಬಿಡುತ್ತೇನೆ, ಆದರೆ ಬಿಡುವಂತಿಲ್ಲ. ಪ್ಲಗ್ ಬೋರ್ಡ್ ಸಂಪ್‌ನ ಅಂಚಿಗಿಂತ ಎತ್ತರದಲ್ಲಿ, ಪಕ್ಕದ ಹಲಗೆಗೆ. ಪ್ರತಿ ವೈರ್ ಪ್ಲಗ್‌ಗೆ ಹೋಗುವ ಮುಂಚೆ ಒಮ್ಮೆ ಕೆಳಗೆ ಜೋತು ಮೇಲೇರಬೇಕು. ವೈರ್ ಮೇಲೆ ಹರಿದ ಹನಿ ಆ ಬಾಗಿನಲ್ಲೇ ಬೀಳುತ್ತದೆ. ಲೈನಿಗೆ ಕರೆಂಟ್ ಸೋರಿದರೆ ತಾನಾಗಿ ಕಡಿಯುವ 30 ಮಿಲಿ ಆಂಪಿಯರ್ ಆರ್‌ಸಿಸಿಬಿ ಇರಲೇಬೇಕು.

ಬ್ಯಾಕ್ಟೀರಿಯಾ ಮತ್ತು ನೈಟ್ರೇಟ್

ಅಮೋನಿಯಾವನ್ನು ನೈಟ್ರೈಟ್ ಆಗಿ, ನೈಟ್ರೈಟನ್ನು ನೈಟ್ರೇಟ್ ಆಗಿ ಬದಲಿಸುವ ಬ್ಯಾಕ್ಟೀರಿಯಾ ಇರುವುದು ಹೆಚ್ಚಾಗಿ ಮೇಲ್ಮೈಗಳ ಮೇಲೆ, ನೀರಿನಲ್ಲಲ್ಲ. ಹೊಸ ಸಂಪ್‌ನ ಹೊಸ ಮಾಧ್ಯಮ ಮೊದಲ ದಿನ ಬರೀ ಕಲ್ಲು. ಹಾಗಾಗಿ ಕ್ಯಾನಿಸ್ಟರನ್ನು ಕೂಡಲೇ ತೆಗೆಯಲಿಲ್ಲ. ಅದರ ಸೆರಾಮಿಕ್ ರಿಂಗ್‌ಗಳಲ್ಲಿ ಅರ್ಧವನ್ನು ಬಲೆಚೀಲಕ್ಕೆ ಹಾಕಿ ಸಂಪ್‌ಗೆ ಸಾಗಿಸಿ, ಉಳಿದರ್ಧದ ಜೊತೆ ಕ್ಯಾನಿಸ್ಟರ್ ಆರು ವಾರ ಪಕ್ಕದಲ್ಲೇ ಓಡಿತು. ಜಲ್ಲಿಯನ್ನೂ ನಲ್ಲಿ ನೀರಿನಲ್ಲಿ ತೊಳೆಯದೆ, ತೊಟ್ಟಿಯ ನೀರಿನಲ್ಲೇ ಜಾಲಿಸಿ ಹಾಕಿದ್ದು. ಅಮೋನಿಯಾ ಕಾಣಿಸಲಿಲ್ಲ. ನೈಟ್ರೈಟ್ ಮೊದಲ ವಾರ ಸ್ವಲ್ಪ ತೋರಿಸಿ ಹೋಯಿತು.

ಸಣ್ಣ ಗುಳ್ಳೆಗಳು ತೊಟ್ಟಿಯೊಳಗೆ ಮಂಜಿನಂತೆ ತೇಲುವುದು ಮೊದಲ ದಿನಗಳಲ್ಲಿ ಸಾಮಾನ್ಯ. ಪಂಪ್ ಕೋಣೆಗೆ ಮುಂಚೆ ನೀರನ್ನು ಮೇಲೆ, ಕೆಳಗೆ, ಮತ್ತೆ ಮೇಲೆ ಹಾಯಿಸುವ ಮೂರು ಅಡ್ಡಗಾಜುಗಳಿದ್ದರೂ ಅದು ಸ್ವಲ್ಪ ದಿನ ಇತ್ತು. ತಾನಾಗಿ ಹೋಯಿತು.

ನೈಟ್ರೇಟ್ ವಿಷಯದಲ್ಲಿ ಗೆಳೆಯನ ನಿರೀಕ್ಷೆ ದೊಡ್ಡದಿತ್ತು. ಸಂಪ್ ನೈಟ್ರೇಟನ್ನು ನುಂಗುವುದಿಲ್ಲ. ಒಟ್ಟು ನೀರು 190ರಿಂದ 235 ಲೀಟರ್‌ಗೆ ಏರಿತು. ಅದೇ ಕಸಕ್ಕೆ ಬರೀ ಜಾಸ್ತಿ ನೀರಿನಿಂದ 80 ಇದ್ದದ್ದು 65 ಆಗುತ್ತದೆ, ಅಷ್ಟೇ. ನಿಜವಾದ ಇಳಿಕೆ ಬಂದದ್ದು ಕಸದ ಚೀಲದಿಂದ. ಇಳಿದ ನೀರು ಮೊದಲು 200 ಮೈಕ್ರಾನ್‌ನ ಫೆಲ್ಟ್ ಚೀಲಕ್ಕೆ ಬೀಳುತ್ತದೆ. ಮೂರು ನಾಲ್ಕು ದಿನಕ್ಕೊಮ್ಮೆ ಅದನ್ನು ಎತ್ತಿ, ಇನ್ನೊಂದನ್ನು ಹಾಕಿ, ಹಳೆಯದನ್ನು ತೊಳೆದು ಒಣಗಿಸುವುದು. ಕಸ ಕೊಳೆಯುವ ಮುಂಚೆಯೇ ನೀರಿನಿಂದ ಆಚೆ ಬರುತ್ತದೆ. ಎರಡು ತಿಂಗಳಾದ ಮೇಲೆ ವಾರದ ಕೊನೆಯ ಅಂಕಿ 40ರ ಹತ್ತಿರ ನಿಂತಿತು. ನೀರು ಬದಲಿಸುವ ಕೆಲಸ ಮೊದಲಿನಂತೆಯೇ ನಡೆಯುತ್ತಿದೆ. ಚೀಲವನ್ನು ವಾರ ಪೂರ್ತಿ ಬಿಟ್ಟರೆ ಅದು ತುಂಬಿ ನೀರು ಪಕ್ಕದಿಂದ ಹರಿಯುತ್ತದೆ. ಆಗ ಸಂಪ್ ಕೂಡ ಒಂದು ದೊಡ್ಡ ಕ್ಯಾನಿಸ್ಟರ್.

ಗೇಟ್ ವಾಲ್ವ್ ಅನ್ನು ಶುರುವಿನಲ್ಲಿ ಆಗಾಗ ತಿರುಗಿಸಬೇಕಾಯಿತು. ಪೈಪಿನೊಳಗೆ ಲೋಳೆ ಕಟ್ಟುತ್ತಾ ಹರಿವು ಬದಲಾಗುತ್ತದೆ. ಈಗ ತುರ್ತು ಪೈಪಿನ ಸದ್ದು ಕೇಳಿದಾಗ ಮಾತ್ರ.

ಉಳಿದಿರುವುದು ಆವಿಯಾದ ನೀರನ್ನು ತುಂಬುವ ಕೆಲಸ. ಪಂಪ್ ಕೋಣೆಯ ಗಾಜಿನ ಮೇಲೆ ಎರಡು ಗೆರೆ ಎಳೆದಿದ್ದೇವೆ. ಅವುಗಳ ನಡುವೆ ಮಟ್ಟ ಇರುವಂತೆ ಗೆಳೆಯ ಕೈಯಲ್ಲೇ ತುಂಬುತ್ತಾನೆ. ಕೋಣೆ ಚಿಕ್ಕದಾದ್ದರಿಂದ ಒಂದು ಲೀಟರ್ ಆವಿಯಾದರೂ ಒಂದೂವರೆ ಸೆಂ.ಮೀ.ಗಿಂತ ಜಾಸ್ತಿ ಇಳಿಯುತ್ತದೆ, ದಿನಾ ನೋಡಬೇಕು. ಅದು ಅವನಿಗೆ ಬೇಸರ. ತಾನಾಗಿ ತುಂಬುವ ಸೆನ್ಸರ್ ಹಾಕೋಣ, ಜೊತೆಗೆ ದೊಡ್ಡ ಡ್ರಮ್ ಇಟ್ಟರೆ ತಿಂಗಳು ಪೂರ್ತಿ ಚಿಂತೆಯಿಲ್ಲ ಅನ್ನುತ್ತಾನೆ. ಸೆನ್ಸರ್ ಸರಿ. ಡ್ರಮ್‌ಗೆ ನಾನು ಒಪ್ಪಿಲ್ಲ. ಸೆನ್ಸರ್ ಸಿಕ್ಕಿಹಾಕಿಕೊಂಡರೆ ಡ್ರಮ್‌ನ ನೀರೆಲ್ಲ ಸಂಪ್‌ಗೆ ಬರುತ್ತದೆ. ಅದೇ ಹೊತ್ತಿಗೆ ಕರೆಂಟ್ ಹೋದರೆ ಇನ್ನೊಂದು 19 ಲೀಟರ್. ಸಂಪ್‌ನಲ್ಲಿ 23ರಿಂದ 38ರ ತನಕ ಖಾಲಿ ಇರುವುದು 33 ಲೀಟರ್. 19 ಕಳೆದರೆ 14. ಹಾಗಾಗಿ ಡಬ್ಬ 10 ಲೀಟರ್‌ಗಿಂತ ದೊಡ್ಡದು ಬೇಡ ಅಂದಿದ್ದೇನೆ.